ಗುಡ್ಡದ ಕೆಳಗೆ ಕಾದ ಹುಣ್ಣಿಮೆ

ಹುಣ್ಣಿಮೆಯ ಹಿಂದಿನ ದಿನ ನಾವೆಲ್ಲ ಸಿಸ್ಟರಮ್ಮನ ಅಂಗಳದಲ್ಲಿ ಕೂತು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದೆವು. ಊರ ಹಿಂದಿನ ಬೋಳು ಗೋಮಾಳದಲ್ಲಿ ಬೇವು, ಹೊಂಗೆ ನೆಡುವುದು ಸಂಘದ ಹೆಂಗಸರ ಆ ವರ್ಷದ ಕೆಲಸ. ಸಿಸ್ಟರಮ್ಮ ಮಂಗಳೂರು ಕಡೆಯ ಕ್ರೈಸ್ತ ಸನ್ಯಾಸಿನಿ. ಹರಪನಹಳ್ಳಿ ಕಡೆಯ ನಮ್ಮ ಕೇರಿಯಲ್ಲೇ ಬಾಡಿಗೆ ಮನೆ ಹಿಡಿದಿದ್ದರು. ಹಗಲು ಹೆಂಗಸರ ಜೊತೆ ಕಚೇರಿ ಅಲೆಯುವರು, ಸಂಜೆ ಮಕ್ಕಳಿಗೆ ಪಾಠ ಹೇಳುವರು.

ನನ್ನ ತಂಗಿಗೆ ಆಗ ಹನ್ನೊಂದು ವರ್ಷ. ಸಿಸ್ಟರಮ್ಮನ ಕೊರಳಿನ ಶಿಲುಬೆಯನ್ನೇ ನೋಡುತ್ತಿದ್ದವಳು ಕೇಳಿದಳು:

"ನಿಮಗ ಲಗ್ನ ಆಗಿಲ್ಲ, ಕೊರಳಾಗ ದಾರ ಐತಿ. ನಿಮಗೂ ಮುತ್ತು ಕಟ್ಯಾರೇನ್ರಿ?"

ಹೆಂಗಸರು ನಕ್ಕು ನಕ್ಕು ಮಣ್ಣು ಚೆಲ್ಲಿದರು. "ಲೇ, ಬಾಯಿ ಮುಚ್ಚು," ಎಂದು ಅವ್ವ ತಲೆಗೆ ಮೊಟಕಿದಳು.

"ಇಲ್ಲ ಮಗಾ, ಇದು ನಾನೇ ಬೇಕು ಅಂತ ಹಾಕಿಕೊಂಡದ್ದು," ಎಂದರು ಸಿಸ್ಟರಮ್ಮ. "ನಿನ್ನನ್ನು ಯಾರಾದರೂ ಕೇಳ್ತಾರಾ?"

"ನನ್ನ ಯಾರ್ ಕೇಳ್ತಾರ್ರಿ? ಅಂಗಿ ಬಣ್ಣಾನೂ ಕೇಳಂಗಿಲ್ಲ."

ಮುತ್ತು ಕಟ್ಟುವುದೆಂದರೆ ಹುಡುಗಿಯನ್ನು ದೇವಿಯ ಹೆಸರಿಗೆ ಬಿಡುವುದು. ಆಮೇಲೆ ಅವಳಿಗೆ ಮದುವೆಯಿಲ್ಲ, ತವರಲ್ಲೇ ಉಳಿದು ಉಳ್ಳವರ ಪಾಲಾಗಬೇಕು. ಅಜ್ಜಿಗೂ ಅವ್ವನಿಗೂ ಕಟ್ಟಿದ್ದರು. ನನ್ನನ್ನು ಸಿಸ್ಟರಮ್ಮ ಹಾಸ್ಟೆಲಿಗೆ ಸೇರಿಸಿ ಉಳಿಸಿದ್ದರು, ಹುಣ್ಣಿಮೆಗೆಂದು ಊರಿಗೆ ಬಂದಿದ್ದೆ. ಮನೆಯಲ್ಲಿ ಗಂಡು ಮಕ್ಕಳಿಲ್ಲದ್ದರಿಂದ ಅಜ್ಜಿಯ ಕಣ್ಣು ತಂಗಿಯ ಮೇಲಿತ್ತು. "ಒಬ್ಬಾಕಿ ಓದಾಕ ಹೋದ್ಲು. ಇಕೀನೂ ಹೋದ್ರ ಮನ್ಯಾಗ ದೀಪ ಹಚ್ಚಾಕ ಯಾರದಾರ?" ಎನ್ನುತ್ತಿದ್ದಳು.

ಮುತ್ತು ಕಟ್ಟುವುದು ದೇವಿಯ ಗುಡಿಯಿರುವ ಗುಡ್ಡದ ಮೇಲೆ, ಹುಣ್ಣಿಮೆಯ ದಿನ ಎಂದೇ ನಾವೆಲ್ಲ ತಿಳಿದಿದ್ದೆವು. ಅದಕ್ಕೇ ಮರುದಿನ ಸಂಘದವರೆಲ್ಲ ಹೋಗಿ ಮೆಟ್ಟಿಲು ಶುರುವಾಗುವಲ್ಲಿ ನಿಂತೆವು. ಸಣ್ಣ ಹುಡುಗಿಯರಿಗೆ ಹೊಸ ಸೀರೆ ಉಡಿಸಿಕೊಂಡು ಬಂದವರನ್ನು ತಡೆದು ಮಾತಾಡಿಸುವುದು ನಮ್ಮ ಕೆಲಸ. ಎಲ್ಲರಿಗಿಂತ ಅವ್ವನ ದನಿಯೇ ಜೋರು. ಒಂದು ಮನೆಯವರು ನಮ್ಮ ಮಾತು ಕೇಳಿ ಮಗಳನ್ನು ವಾಪಸು ಕರೆದೊಯ್ದರು. ತಂಗಿ ಗುಡ್ಡದ ಹತ್ತಿರ ಸುಳಿಯುವುದೇ ಬೇಡವೆಂದು ಅವಳನ್ನು ಊರಲ್ಲೇ ಬಿಟ್ಟಿದ್ದೆವು. ಅಜ್ಜಿಗೆ ಮಂಡಿ ನೋವು, ಗುಡ್ಡ ಹತ್ತುವ ಮಾತೇ ಇರಲಿಲ್ಲ. ಸಂಜೆ ಟೆಂಪೊದಲ್ಲಿ ಹಾಡು ಹೇಳುತ್ತ ಬಂದೆವು.

ತಂಗಿ ಒಳಮನೆಯಲ್ಲಿ ಹಸಿರು ಸೀರೆ ಉಟ್ಟು ಕೂತಿದ್ದಳು. ಕೆನ್ನೆಗೆ ಅರಿಶಿನ, ಕೊರಳಲ್ಲಿ ಕೆಂಪು ಬಿಳಿ ಮಣಿ. ಕೊಟ್ಟೂರಿನಿಂದ ಒಬ್ಬ ಮುದುಕಿ ಜೋಗತಿಯನ್ನು ಕರೆಸಿ ಅಜ್ಜಿ ಮನೆಯಲ್ಲೇ ಕಟ್ಟಿಸಿದ್ದಳು.

ಸಿಸ್ಟರಮ್ಮ ಮಣಿಗೆ ಕೈ ಹಾಕಿದಾಗ ತಂಗಿ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು.

"ಬ್ಯಾಡ್ರಿ ಸಿಸ್ಟರಮ್ಮ. ಹರದ್ರ ಅವ್ವ ಸಾಯ್ತಾಳಂತ."

"ನಾ ಎಲ್ಲಿ ಸಾಯ್ತೀನಲೇ? ಬಿಡವ್ವ, ಕೈ ಬಿಡು," ಎಂದು ಅವ್ವ ಅಂಗಲಾಚಿದಳು. ತಂಗಿ ಅಜ್ಜಿಯ ಮುಖ ನೋಡಿದಳು, ಕೈ ಬಿಡಲಿಲ್ಲ.

ಕೆಲವು ದಿನಗಳ ಮೇಲೆ ಅವಳನ್ನು ಒಪ್ಪಿಸಿ ಮಣಿ ತೆಗೆದದ್ದಾಯಿತು. ಊರು ಮಾತ್ರ ಕಟ್ಟಿದ್ದನ್ನು ಕಟ್ಟಿದ್ದೆಂದೇ ಎಣಿಸಿತು. ಶಾಲೆಯಲ್ಲಿ ಹುಡುಗರು ಆಡಿಕೊಂಡರು, ಅವಳು ಹೋಗುವುದನ್ನು ಬಿಟ್ಟಳು. ದೊಡ್ಡವಳಾದ ಮೇಲೆ ಒಬ್ಬ ಅವಳನ್ನು ಪಟ್ಟಣಕ್ಕೆ ಕರೆದೊಯ್ದ. ಸಿಸ್ಟರಮ್ಮ ಹುಡುಕಿಕೊಂಡು ಹೋಗಿ ಬರಿಗೈಲಿ ಬಂದರು. ಕೊನೆಗೆ ಅವಳೇ ಬಂದಳು, ಕೇರಿಯಲ್ಲಿ ಯಾರೂ ಹೆಸರೆತ್ತದ ಕಾಯಿಲೆ ಹೊತ್ತು. ಸಿಸ್ಟರಮ್ಮ ತಮ್ಮ ಮನೆಯಲ್ಲೇ ಮಲಗಿಸಿಕೊಂಡು ಗಂಜಿ ಕುಡಿಸಿದರು. ತಂಗಿಗೆ ಇಪ್ಪತ್ತು ತುಂಬಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಸಿಸ್ಟರಮ್ಮ ನಮ್ಮ ಕಟ್ಟೆಯ ಮೇಲೆ ಕೂತರು. "ಪ್ರಾರ್ಥನೆಗೆ ಕೂತರೆ ಬಾಯಿಗೆ ಮಾತೇ ಬರುವುದಿಲ್ಲ ಮಗಾ," ಎಂದರು. ಮುಂದಿನ ವರ್ಷ ಅವರಿಗೆ ಬೇರೆ ಕಡೆ ವರ್ಗವಾಯಿತು.

ನನಗೆ ಹಗರಿಬೊಮ್ಮನಹಳ್ಳಿಯಲ್ಲಿ ಅಂಗನವಾಡಿ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಅವ್ವ ನಮ್ಮ ಜೊತೆಗಿದ್ದಾಳೆ. ನನಗೊಬ್ಬಳು ಮಗಳಿದ್ದಾಳೆ. ಅವಳಿಗೆ ಚಿಕ್ಕವ್ವ ಇಲ್ಲ.