ಗೋಡೆ ದಾಟಿ ಬಂದ ಗುಳಿಗೆ

ಸಂಜೆಯಾಗುತ್ತಲೇ ಕಾಕೂ ಅವರ ಪಾದಗಳು ಉಬ್ಬಿ, ಕಾಲುಂಗುರಗಳು ಮಾಂಸದೊಳಗೆ ಹುದುಗಿಬಿಡುತ್ತಿದ್ದವು. ಕಟ್ಟೆಯ ಮೇಲೆ ಜಮಖಾನೆ ಹಾಸಿ, ಕಾಲು ಚಾಚಿ ಕೂತು, ಪಾದದ ಮೇಲೆ ಹೆಬ್ಬೆರಳು ಒತ್ತಿ, ಬಿದ್ದ ಕುಳಿಯನ್ನು ಹೋಗಿಬರುವವರಿಗೆಲ್ಲ ತೋರಿಸುತ್ತಿದ್ದರು. “ನೋಡ್ರಿ, ಇದರಾಗ ಗೋಲಿ ಆಡಬಹುದು!” ಹೃದಯದ ಕಾಯಿಲೆ ಅದು. ದಿನಾ ಬೆಳಿಗ್ಗೆ ಒಂದು ಸಣ್ಣ ಬಿಳಿ ಗುಳಿಗೆ ನುಂಗಬೇಕಿತ್ತು. “ಈ ಹುಚ್ಚ ಎದಿಗೆ ಇದ ಮೂಗದಾರ” ಎಂದು ಅದನ್ನು ಬಾಯಿಗೆ ಎಸೆದುಕೊಳ್ಳುತ್ತಿದ್ದರು.

ನವಲಗುಂದದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಸಂಬಂಧದಲ್ಲಿ ಅವರು ನಮಗೇನೂ ಆಗಬೇಕಿಲ್ಲ, ಓಣಿಗೆಲ್ಲ ಕಾಕೂ, ನಮಗೂ ಕಾಕೂ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳೆಂದು ಮಗಳ ವಯಸ್ಸಿನ ನನ್ನನ್ನು “ಅಕ್ಕೋರ” ಎನ್ನುತ್ತಿದ್ದರು. ಮರ್ಯಾದೆ ಆ ಒಂದು ಶಬ್ದಕ್ಕೇ ಮುಗಿಯುತ್ತಿತ್ತು. “ಅಕ್ಕೋರ, ನಿನಗ ಸಾಲಿ ಕಲಿಸಾಕ ಬರತೈತಿ, ಬದ್ನಿಕಾಯಿ ಹೆಚ್ಚಾಕ ಬರೂದಿಲ್ಲ ನೋಡು!”

ಗೋಡೆಯ ಮೇಲಿಂದ ದಿನವೂ ಬಟ್ಟಲುಗಳು ಓಡಾಡುತ್ತಿದ್ದವು. ಬಂದ ಬಟ್ಟಲನ್ನು ಖಾಲಿ ವಾಪಸು ಕೊಡಬಾರದೆಂಬುದು ನಮ್ಮ ಕಡೆಯ ರಿವಾಜು. ಕಾಕೂ ಅದನ್ನು ವ್ರತದಂತೆ ಪಾಲಿಸುವವರು. ನಾನು ಝುಣಕ ಕೊಟ್ಟರೆ ಅದೇ ಬಟ್ಟಲಲ್ಲಿ ಅಗಸಿ ಚಟ್ನಿ ಬರುತ್ತಿತ್ತು. ಮನೆಯಲ್ಲಿ ಏನೂ ಇಲ್ಲದ ದಿನ ಚಿಟಿಕೆ ಸಕ್ಕರೆ, ಇಲ್ಲವೇ ಒಂದು ಹಸಿಮೆಣಸಿನಕಾಯಿ.

ಕೊರೊನಾ ಗದ್ದಲ ಮುಗಿದ ಮರುವರ್ಷ ನನ್ನ ಎದೆಯಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ಆಪರೇಶನ್ ಆಗಿ ಕೀಮೋ ಶುರುವಾಯಿತು. ಕೂದಲು ಹೋಯಿತು, ಹಸಿವೆ ಹೋಯಿತು, ಏನು ಬಾಯಿಗಿಟ್ಟರೂ ತಗಡು ನೆಕ್ಕಿದಂತಾಗುತ್ತಿತ್ತು. ಕಾಕೂ ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತರು, ನುಚ್ಚು ಕುದಿಸಿ ಮಜ್ಜಿಗೆ ಕಲೆಸಿ ತಂದರು, ನನ್ನ ಬೋಳು ತಲೆ ಸವರಿ “ಅಗದಿ ಚಂದ ಕಾಣತೀ ಬಿಡು, ಹೇನಿನ ಚಿಂತಿ ಇಲ್ಲ” ಎಂದರು. ನಾನು ನಗುತ್ತಿದ್ದೆ, ಒಳಗೆ ಮಾತ್ರ ಸತ್ತೇ ಹೋಗುತ್ತೇನೆಂಬ ಹೆದರಿಕೆ. ಮಗಳು ಆಗಿನ್ನೂ ಏಳನೆಯ ಇಯತ್ತೆಯಲ್ಲಿದ್ದಳು.

ಮಧ್ಯಾಹ್ನ ಕಾಕೂ ಜೋಳ ಹಸನು ಮಾಡುವಾಗ ನಾನು ಪೇಪರು ಓದಿ ಹೇಳಬೇಕು, ಅದು ಅವರ ಹಳೆಯ ಹುಕುಂ. ಹಾಗೆ ಓದುವಾಗ ಒಂದು ದಿನ ಸಿಕ್ಕ ಸುದ್ದಿ ಇದು: ಹೃದಯದ ನಾಡಿ ಹಿಡಿತಕ್ಕೆ ತರಲು ಬಹಳ ಕಾಲದಿಂದ ಕೊಡುತ್ತಿರುವ ಡಿಗಾಕ್ಸಿನ್ ಎಂಬ ಔಷಧಿ ಕ್ಯಾನ್ಸರಿಗೂ ಕೆಲವು ವೈರಸ್ಸುಗಳಿಗೂ ಉಪಯೋಗವಾದೀತೇ ಎಂದು ಪ್ರಯೋಗಶಾಲೆಗಳಲ್ಲಿ ನೋಡುತ್ತಿದ್ದಾರೆ. ಕಾಕೂ ಮೊರ ಕೆಳಗಿಟ್ಟು ಒಳಗೆ ಹೋಗಿ ತಮ್ಮ ಗುಳಿಗೆ ಚೀಟಿ ತಂದರು. “ಇದರ ಹೆಸರ ಓದು.” ಅದೇ ಹೆಸರು.

“ಅದಕ್ಕ ನೋಡ! ಓಣಿಗೆಲ್ಲ ಕೊರೊನಾ ಬಂತು, ನನಗ ಬರಲಿಲ್ಲ!”

“ಹಂಗಲ್ರಿ ಕಾಕೂ, ಒಬ್ಬರಿಗೆ ಬರಲಿಲ್ಲಂದ್ರ ಅದು ಪುರಾವೆ ಆಗೂದಿಲ್ರಿ. ಸ್ವಂತ ಯಾರೂ ತೊಗೊಳ್ಳಬಾರದು ಅಂತ ಕೆಳಗ ಬರದಾರ.”

“ಬರೀತಾರ, ಬರೀತಾರ. ಹಳೇ ಸೀರಿ ಕೌದಿ ಆಗೂದಿಲ್ಲೇನ? ಹಂಗ ಎದಿ ಗುಳಿಗಿ ಕ್ಯಾನ್ಸರಿಗೆ ಆಗತೈತಿ.”

ಮರುದಿನ ಬೆಳಿಗ್ಗೆ ವಾಪಸು ಬಂದ ಬಟ್ಟಲಿನ ತಳದಲ್ಲಿ ಒಂದು ಬಿಳಿ ಗುಳಿಗೆ ಕೂತಿತ್ತು. “ಕಾಕೂ, ನಿಮ್ಮ ಗುಳಿಗಿ ಇಲ್ಲಿ ಬಿದ್ದೈತ್ರಿ” ಎಂದು ಗೋಡೆಯಾಚೆ ಕೂಗಿದೆ.

“ಬಿದ್ದಿಲ್ಲ, ಇಟ್ಟೇನಿ. ನುಂಗು.”

ಜಗಳವಾಯಿತು. ನಾನು ವಿಜ್ಞಾನ ಹೇಳಿದೆ, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಗುಳಿಗೆಯನ್ನು ಅವರ ಕೈಗೇ ವಾಪಸು ಕೊಟ್ಟೆ. ಮತ್ತೆ ಮರುದಿನ ಬಂತು, ಮತ್ತೆ ಕೊಟ್ಟೆ. ಹೀಗೆ ಬೆಳಿಗ್ಗೆ ಬೆಳಿಗ್ಗೆ ನಮ್ಮಿಬ್ಬರ ಆಟ ನಡೆಯಿತು. ವಾಪಸು ಕೊಟ್ಟದ್ದನ್ನು ಅವರು ನುಂಗುತ್ತಾರೆಂದು ನಾನು ನಿಶ್ಚಿಂತೆಯಾಗಿದ್ದೆ.

ಒಂದು ಮುಂಜಾನೆ ಆ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ. ಹೋಗಿ ನೋಡಿದರೆ ಕಾಕೂ ಅಡುಗೆಮನೆಯ ಗೋಡೆಗೆ ಒರಗಿ ಕೂತು ಏದುಸಿರು ಬಿಡುತ್ತಿದ್ದರು. ಕಾಲು ಮೊಳಕಾಲಿನತನಕ ಬಾತಿತ್ತು. ದೇವರ ಮಾಡದಲ್ಲಿ, ದೀಪದ ಬಾಜೂ, ಒಂದು ತಟ್ಟೆಯ ತುಂಬ ಬಿಳಿ ಗುಳಿಗೆ!

“ಇವನ್ಯಾಕ ನುಂಗಿಲ್ರಿ ಕಾಕೂ?”

“ದಿನಕ್ಕ ಇರೂದ ಒಂದ ಗುಳಿಗಿ. ಒಮ್ಮಿ ನಿನಗಂತ ಕೊಟ್ಟದ್ದು... ತಿರುಗಿ ನಾ ಹ್ಯಾಂಗ ಬಾಯಾಗ ಹಾಕ್ಕೊಳ್ಳಿ? ನಿನ್ನ ಮನಸ್ಸ ಬದಲಾಗೂತನಕ ದೇವರ ಮುಂದ ಇಟ್ಟೇನಿ.”

ಕೊಟ್ಟದ್ದನ್ನು ತಿರುಗಿ ಮುಟ್ಟದ ಜನ ನಮ್ಮವರು. ಆದರೆ ಗುಳಿಗೆಗೂ ಆ ನೇಮವೇ! ನನಗೆ ಸಿಟ್ಟೂ ಬಂತು, ಅಳುವೂ ಬಂತು. ಟಂಟಂ ಗಾಡಿ ಕರೆಸಿ, ಅವರನ್ನು ಎತ್ತಿ ಕೂರಿಸಿ, ತಲೆಗೆ ಬಟ್ಟೆ ಸುತ್ತಿಕೊಂಡು ನಾನೂ ಹತ್ತಿದೆ. ದವಾಖಾನೆಯ ಬಾಗಿಲಲ್ಲಿ ನರ್ಸಬಾಯಿ ಗಾಲಿಕುರ್ಚಿಯನ್ನು ಸೀದಾ ನನ್ನ ಹತ್ತಿರ ತಂದಳು. “ನಾ ಅಲ್ರೀ, ಅವ್ರು” ಎಂದೆ. ಅಂಥ ಉಸಿರಾಟದಲ್ಲೂ ಕಾಕೂ ನಕ್ಕರು. “ಇಬ್ಬರನ್ನೂ ಕುಂದರಿಸವಾ, ನಾವ ಜಗಳ ಮಾಡೂದಿಲ್ಲ.”

ಎರಡು ದಿನ ಅವರ ಮಂಚದ ಪಕ್ಕದಲ್ಲೇ ಇದ್ದೆ. ನನ್ನ ಸಲುವಾಗಿ ಈ ಜೀವ ಹೋದರೆ ನಾನು ಬದುಕಿ ಏನು ಮಾಡಲಿ ಅನ್ನಿಸಿತ್ತು. ಮೂರನೆಯ ದಿನ ಉಸಿರು ಹದಕ್ಕೆ ಬಂತು. ಗುಳಿಗೆ ಯಾಕೆ ಬಿಟ್ಟಿರೆಂದು ಡಾಕ್ಟರು ಕೇಳಿದರೆ, “ಬಿಟ್ಟಿಲ್ರಿ, ಬಾಜೂಮನಿಗೆ ಕೊಟ್ಟೇನಿ” ಎಂದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಎಲ್ಲ ಹೇಳಿದೆ.

“ಸುದ್ದಿ ಸುಳ್ಳಲ್ರಿ ಅಜ್ಜಿ” ಎಂದರು ಅವರು. “ಆದ್ರ ಇನ್ನೂ ಲ್ಯಾಬಿನ್ಯಾಗ, ಬಾಟ್ಲಿ ಒಳಗಿನ ಜೀವಕಣದ ಮ್ಯಾಲೆ ನೋಡಾಕತ್ತಾರ. ಮನಶ್ಯಾರಿಗೆ ಗುಣ ಆಗತೈತಿ ಅಂತ ಖಾತ್ರಿ ಆಗಿಲ್ಲ. ಈ ಗುಳಿಗಿ ಭಾಳ ನಾಜೂಕು, ಒಂಚೂರು ಹೆಚ್ಚಾದ್ರ ವಿಷ. ಅಕ್ಕೋರು ನುಂಗಿದ್ರ ಅವರ ಜೀವಕ್ಕ ಅಪಾಯ ಇತ್ತು. ನೀವು ಬಿಟ್ಟದ್ದಕ್ಕ ನಿಮ್ಮ ಜೀವಕ್ಕ ಅಪಾಯ ಬಂತು.”

“ಹಂಗಾರ ಲಗೂನ ನೋಡಿ ಮುಗಿಸಾಕ ಹೇಳ್ರಿ. ಎಷ್ಟ ದಿನ ಬಾಟ್ಲಿ ಒಳಗ ಆಟ ಆಡತಾರ?” ಎಂದು ಕಾಕೂ ಡಾಕ್ಟರನ್ನೇ ಗದರಿಸಿದರು. ಇನ್ನು ಮೇಲೆ ತಮ್ಮ ಗುಳಿಗೆ ತಾವೇ ನುಂಗಲು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. “ನಾ ನುಂಗೂ ಹೊತ್ತಿಗೆ ಇಕಿ ನನ್ನ ಎದುರಿಗೆ ನಿಂತು ಒಂದ ರೊಟ್ಟಿ ತಿನ್ನಬೇಕು. ಇಕಿ ಬಿಟ್ಟ ದಿನ ನಾನೂ ಬಿಡ್ತೀನಿ.”

ಮುದುಕಿ ಆಡಿದ್ದನ್ನು ಮಾಡುವ ಪೈಕಿ ಎಂದು ನನಗೆ ಗೊತ್ತಿತ್ತು. ಅಂದಿನಿಂದ ಬೆಳಿಗ್ಗೆ ಗೋಡೆಯ ಆಚೆ ಅವರು ಗುಳಿಗೆ ಹಿಡಿದು ನಿಲ್ಲುವರು, ಈಚೆ ನಾನು ರೊಟ್ಟಿ ಹಿಡಿದು ನಿಲ್ಲುವೆ. ಕೀಮೋ ಆದ ಮರುದಿನ ಹೊಟ್ಟೆ ತೊಳಸುತ್ತಿದ್ದರೂ, ಕಣ್ಣಲ್ಲಿ ನೀರು ಬರುತ್ತಿದ್ದರೂ ತಿಂದೆ. ನಾನು ತಿನ್ನದಿದ್ದರೆ ಎದುರಿಗಿನ ಎದೆ ನಿಲ್ಲುತ್ತದಲ್ಲ! ಕಡೆಯ ತುಣುಕು ಬಾಯಿಗೆ ಹೋದ ಮೇಲೇ ಕಾಕೂ ಗುಳಿಗೆ ನುಂಗಿ ನೀರು ಕುಡಿಯುತ್ತಿದ್ದರು. ಮೈಯಲ್ಲಿ ಶಕ್ತಿ ಬಂತು, ಚಿಕಿತ್ಸೆ ನಡುವೆ ನಿಲ್ಲದೆ ಮುಗಿಯಿತು. ರೋಗದ ಗುರುತು ಕಾಣುತ್ತಿಲ್ಲವೆಂದು ಹುಬ್ಬಳ್ಳಿಯಲ್ಲಿ ಹೇಳಿದ ದಿನ ಬಸ್ಸಿಳಿದು ಸೀದಾ ಅವರ ಮನೆಗೆ ಓಡಿದೆ. ಕಾಕೂ ನನ್ನನ್ನು ತಬ್ಬಿಕೊಂಡು ಅತ್ತರು, ಮೂಗು ಒರೆಸಿಕೊಂಡು, “ನನ್ನ ಗುಳಿಗಿ ನುಂಗಿದ್ದರ ಇನ್ನೂ ಲಗೂ ಆರಾಮ ಆಕ್ಕಿತ್ತು” ಎಂದರು.

ಈ ವರ್ಷ ಜೋಳದ ಸುಗ್ಗಿಯ ಹೊತ್ತಿಗೆ ಅವರ ಹೃದಯ ಪೂರಾ ದಣಿಯಿತು, ಯಾವ ಔಷಧಿಗೂ ಬಗ್ಗಲಿಲ್ಲ. ಮಂಚದ ಅಂಚಿಗೆ ಕೂತು ಕೈ ಹಿಡಿದುಕೊಂಡಿದ್ದೆ. ಕಣ್ಣು ತೆರೆದು ಕೇಳಿದರು, “ಅಕ್ಕೋರ, ಆ ಗುಳಿಗಿ ಬಾಟ್ಲಿಯಿಂದ ಹೊರಗ ಬಂತೇನ?”

“ಇನ್ನೂ ಇಲ್ರಿ ಕಾಕೂ. ನೋಡಾಕತ್ತಾರ.”

“ಬರತೈತಿ ತಗೋ. ನೋಡಾಕ ನೀ ಇರ್ತೀಯಲ್ಲ” ಎಂದು ನನ್ನ ಕೈ ಅದುಮಿದರು.

ಮರುದಿನ ಬೆಳಿಗ್ಗೆ ಅವರು ಹೋದರು. ನಾನು ಇದ್ದೇನೆ.