ಚಿತ್ರ ನಿಲ್ಲಿಸಬಲ್ಲ ಯಂತ್ರ

ನನ್ನ ನಾದಿನಿಯ ಧಾರೆಯನ್ನು ಅವಳ ತಾಯಿ ನೋಡಲಿಲ್ಲ. ತೀರ್ಥಹಳ್ಳಿಯ ಛತ್ರದಲ್ಲಿ ಮಗಳು ಮಂಟಪದೊಳಗೆ ನಿಂತಿದ್ದಾಗ ನನ್ನ ಅತ್ತೆ ಉಗ್ರಾಣದ ಕೋಣೆಯಲ್ಲಿ, ತೆಂಗಿನಕಾಯಿ ಮೂಟೆಯ ಪಕ್ಕ ಕುಳಿತಿದ್ದರು. ಹೋಗಿ ಎಂದು ಯಾರೂ ಹೇಳಿರಲಿಲ್ಲ. ಗಂಡ ತೀರಿಹೋದ ಹೆಂಗಸು ಆ ಹೊತ್ತಿಗೆ ಎದುರಿಗೆ ಇರುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ವಾದ್ಯದವರು ಮಂಟಪದ ಹತ್ತಿರ ಸರಿಯುತ್ತಿದ್ದಂತೆ ತಾವೇ ಸೆರಗು ಹೊದ್ದು ಎದ್ದು ಹೋದರು. ಹಿರಿಯ ಮಗ, ಸೊಸೆ ಎಂದು ನಾವಿಬ್ಬರು ಧಾರೆ ಎರೆದೆವು. ಗಿಂಡಿಯಿಂದ ನೀರು ಬಿಟ್ಟವಳು ನಾನು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮದುವೆಗೆ ವೀಡಿಯೋ ತೆಗೆಸುವುದು ನಮ್ಮ ಕಡೆ ಆಗಷ್ಟೇ ಶುರುವಾಗಿತ್ತು. ನಾದಿನಿ ಹೊಸನಗರದ ಗಂಡನ ಮನೆಯಿಂದ ಸಾಗರಕ್ಕೆ ನಮ್ಮಲ್ಲಿಗೆ ಮೊದಲ ಸಲ ಬಂದಾಗ ಕ್ಯಾಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ತಂದು ತಾಯಿಯ ಮಡಿಲಿಗೆ ಇಟ್ಟಳು. ಎರಡು ದಿನ ಇದ್ದು ಹೋದಳು.

ಅತ್ತೆಯ ಒಂದು ಕಣ್ಣು ಅಷ್ಟರಲ್ಲಿ ಪೂರ್ತಿ ಹೋಗಿತ್ತು. ಇನ್ನೊಂದೂ ಮಬ್ಬಾಗುತ್ತಿತ್ತು. ಆಪರೇಶನ್ ಮಾಡಿ ಪ್ರಯೋಜನವಿಲ್ಲ, ಇರುವಷ್ಟು ದಿನ ಇರುತ್ತದೆ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು. ಮದುವೆಯ ಆಲ್ಬಮ್ಮನ್ನು ಕಿಟಕಿಗೆ ಹಿಡಿದು, ಓರೆ ಮಾಡಿ, ಮೂಗಿಗೆ ತಾಗಿಸಿ ನೋಡಿದರು. "ಬರೀ ಕಪ್ಪು" ಎಂದು ಮುಚ್ಚಿಟ್ಟರು. ಆದರೆ ಟೀವಿಯ ಒಳಗಿಂದ ಬರುವ ಬೆಳಕಿನಲ್ಲಿ ಅವರಿಗೆ ಇನ್ನೂ ಸ್ವಲ್ಪ ಕಾಣುತ್ತಿತ್ತು. ವಾರ್ತೆ ಓದುವವಳು ಅಲುಗಾಡದೆ ಕೂರುತ್ತಿದ್ದುದರಿಂದ ಅವಳ ಸೀರೆಯ ಬಣ್ಣ ಹೇಳುತ್ತಿದ್ದರು. ಸಿನಿಮಾ ಹಾಕಿದರೆ ಎದ್ದು ಹೋಗುತ್ತಿದ್ದರು.

ಒಂದು ದಿನ ಬತ್ತಿ ಹೊಸೆಯುತ್ತ ಕೇಳಿದರು, "ಟೀವೀಲಿ ನೋಡಿದ್ರೆ ನೋಡ್ದಂಗೆ ಆಗ್ತದೇನೆ?"

"ಅದು ಆಗಿ ಹೋಗಿದ್ದಲ್ವಾ ಅತ್ತೆ."

"ಆಗಿ ಹೋಗಿದ್ದಕ್ಕೆ ದೋಷ ಇಲ್ಲ ಅಂತೀಯ?"

"ನಂಗೆ ಹಂಗೇ ಅನ್ಸುತ್ತೆ."

"ಹಂಗಾರೆ ನೋಡ್ಬೇಕು. ಕಣ್ಣು ಇರೋದ್ರೊಳಗೆ ಒಂದ್ಸಲ ಅವ್ಳ ಧಾರೆ ನೋಡ್ಬೇಕು ನಂಗೆ."

ನಮ್ಮ ಯಜಮಾನರು ಪೇಟೆಯಿಂದ ವೀಡಿಯೋ ಪ್ಲೇಯರ್ ಬಾಡಿಗೆಗೆ ತಂದರು. ಊರೂರು ತಿರುಗಿ ಸವೆದ ಯಂತ್ರ. ಅತ್ತೆ ಮಣೆಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡು ಕುಳಿತರು. "ಓಡ್ತಾರೆ ಕಣೆ, ಒಬ್ರೂ ನಿಲ್ಲಲ್ಲ" ಎಂದರು. ಧಾರೆಯ ಹೊತ್ತಿಗೆ ನಾನು ನಿಲ್ಲಿಸುವ ಗುಂಡಿ ಒತ್ತಿದೆ. ಚಿತ್ರ ಗಡಗಡ ನಡುಗಿತು. ನಾದಿನಿಯ ಮುಖದ ಮೇಲೆ ಬಿಳಿ ಪಟ್ಟಿಗಳು ಹಾಯ್ದವು. ಅತ್ತೆ ಮಣೆ ಎತ್ತಿ ಗೋಡೆಗೆ ಒರಗಿಸಿಟ್ಟರು.

ನಮ್ಮದೇ ಒಂದು ಯಂತ್ರ ಕೊಳ್ಳುವ ಯೋಚನೆ ಇವರ ತಲೆಯಲ್ಲಿ ಮೊದಲಿನಿಂದಲೂ ಇತ್ತು. ಅಂಗಡಿಯಿಂದ ತಂದಿಟ್ಟಿದ್ದ, ಯಂತ್ರಗಳ ವಿವರವಿದ್ದ ಇಂಗ್ಲಿಷ್ ಹಾಳೆಗಳನ್ನು ಆ ವಾರ ನಾನು ಕೂತು ಓದಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಪ್ರತಿ ಸಾಲಿಗೂ ಬೆರಳಿಟ್ಟು ಓದಿಸಿದ ಅಭ್ಯಾಸ, ಸಣ್ಣ ಅಕ್ಷರವನ್ನೂ ಬಿಡಲಿಲ್ಲ. ಟೇಪನ್ನು ಓದುವ ಹೆಡ್ ಎರಡಿದ್ದರೆ ಸಿನಿಮಾ ಓಡುವುದಕ್ಕೆ ಸಾಕು. ನಾಲ್ಕಿದ್ದರೆ ಚಿತ್ರ ಅಲುಗದೆ ನಿಲ್ಲುತ್ತದೆ. ಅಷ್ಟೇ ವ್ಯತ್ಯಾಸ.

ಟೀವಿಯ ಕೆಳಗಿನ ಗೋಡೆಗೂಡಿನಲ್ಲಿ ಯಂತ್ರ ಹಿಡಿಸಬೇಕಿತ್ತು. ಬಿಸಿಗಾಳಿ ಹೋಗಲು ಮೇಲೆ ಜಾಗವೂ ಬೇಕಿತ್ತು. ಇವರು ದಾರದಲ್ಲಿ ಗಂಟು ಹಾಕಿ ಅಳತೆ ತಂದಿದ್ದರು. ಅಂಗಡಿಯಲ್ಲಿ ಆ ಅಳತೆಗೆ ಸಿಕ್ಕಿದ್ದು ಎರಡೇ. ಒಂದು ಎರಡು ಹೆಡ್ಡಿನ ರೆಕಾರ್ಡರ್. ಇನ್ನೊಂದು ನಾಲ್ಕು ಹೆಡ್ಡಿನದು, ಆದರೆ ರೆಕಾರ್ಡ್ ಮಾಡುವುದಿಲ್ಲ, ಹಾಕಿದ್ದನ್ನು ತೋರಿಸುತ್ತದೆ ಅಷ್ಟೆ.

"ಇದ್ರಲ್ಲಿ ಗಡಿಯಾರ ಇದೆ ಮಾರಾಯ್ತಿ" ಎಂದರು ಇವರು ರೆಕಾರ್ಡರನ್ನು ಸವರುತ್ತ. "ನಾವು ಮನೇಲಿ ಇಲ್ದಿದ್ರೂ ಭಾನುವಾರದ ಪಿಚ್ಚರ್ ಅದೇ ತುಂಬ್ಕೊಳ್ತದೆ."

"ಭಾನುವಾರ ಮನೆ ಬಿಟ್ಟು ನೀವು ಎಲ್ಲಿಗೆ ಹೋಗಿದೀರಿ?"

ಅಂಗಡಿಯವರು ನಕ್ಕರು. "ಗೌಡ್ರೆ, ಅದಕ್ಕೆ ಉತ್ರ ಕೊಡ್ಬೇಡಿ." ನಾನು ಇನ್ನೊಂದನ್ನು ತೋರಿಸಿದೆ. "ಅದ್ಯಾಕೆ ಅಕ್ಕಾ?" ಎಂದರು ಅವರು. "ಹಾಡು ಓಡ್ಬೇಕು, ಫೈಟಿಂಗ್ ಓಡ್ಬೇಕು. ನಿಲ್ಸ್ಕೊಂಡು ಎಂತ ಮಾಡ್ತೀರಿ?"

"ಒಂದ್ಸಲ ಹಾಕಿ ನಿಲ್ಸಿ."

ಯಾವುದೋ ಹಾಡು ಹಾಕಿ ನಿಲ್ಲಿಸಿದರು. ಕುಣಿಯುತ್ತಿದ್ದ ಹುಡುಗಿ ಹಾಗೇ ನಿಂತಳು. ಒಂದು ಗೆರೆ ಇಲ್ಲ, ನಡುಕ ಇಲ್ಲ. ಅವಳ ತುಟಿಯ ಮೇಲಿನ ಬೆವರು ಕಾಣುತ್ತಿತ್ತು.

ಇವರು ಅದನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಅಮ್ಮಂಗಾ?" ಎಂದರು.

"ಹ್ಞೂಂ."

"ಇದನ್ನೇ ಕಟ್ಟಿ" ಎಂದರು ಅಂಗಡಿಯವರಿಗೆ. ಗಡಿಯಾರದ ಮಾತು ಮತ್ತೆ ಎತ್ತಲಿಲ್ಲ.

ಸಂಜೆಯಾದರೆ ವೋಲ್ಟೇಜ್ ಇಳಿದು ಚಿತ್ರ ಸುತ್ತಲೂ ಕುಗ್ಗುತ್ತಿತ್ತು. ಹಾಗಾಗಿ ಮರುದಿನ ಮಧ್ಯಾಹ್ನ, ಇವರು ಆಫೀಸಿಗೆ ಹೋಗಿದ್ದಾಗ, ಕಿಟಕಿ ಮುಚ್ಚಿ ಕ್ಯಾಸೆಟ್ ಹಾಕಿದೆ. ಅತ್ತೆ ಮಿಂದು, ಒಗೆದ ಸೀರೆ ಉಟ್ಟು ಬಂದಿದ್ದರು. ಧಾರೆಯ ಹೊತ್ತು ಬಂದಾಗ ನಿಲ್ಲಿಸಿದೆ. ಅವರು ಗಾಜಿನಿಂದ ಗೇಣು ದೂರಕ್ಕೆ ಮುಖ ತಂದು, ಒಳ್ಳೆಯ ಕಣ್ಣನ್ನು ಆ ಕಡೆ ತಿರುಗಿಸಿದರು.

ಚಿತ್ರದ ಉದ್ದಕ್ಕೂ ಆ ಕಣ್ಣನ್ನು ನಿಧಾನವಾಗಿ ಸರಿಸಿ ಕೇಳಿದರು, "ಕೆಂಪು ಸೀರೆ ಯಾರು?"

"ನಾನು, ಅತ್ತೆ."

"ಇದು ಅವ್ಳು. ತಲೆ ಬಗ್ಸಿದಾಳೆ." ಬೆರಳು ಗಾಜನ್ನು ಮುಟ್ಟದೆ ಅವಳ ಬಾಸಿಂಗದ ಸುತ್ತ ಓಡಾಡಿತು. "ಅತ್ತಿದ್ಲಾ?"

"ಆಗ ಅಳ್ಲಿಲ್ಲ. 'ಅಮ್ಮ ಎಲ್ಲಿ' ಅಂತ ಕೇಳಿದ್ಲು."

"ನೀ ಎಂತ ಹೇಳ್ದೆ?"

"ಒಳಗೆ ಇದಾರೆ ಅಂದೆ."

ಅವರು ತಲೆಯಾಡಿಸಿದರು. ಬೀದಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವವನು ಕೂಗಿಕೊಂಡು ಹೋದ. ಅಷ್ಟರಲ್ಲಿ ಟಕ್ ಎಂದು ಸದ್ದಾಗಿ ಪರದೆ ಖಾಲಿಯಾಯಿತು.

"ಹೋಯ್ತಾ?"

"ತುಂಬ ಹೊತ್ತು ನಿಲ್ಸಿದ್ರೆ ಟೇಪ್ ಸವೀತದೆ ಅಂತ ಅದೇ ಬಿಟ್ಬಿಡ್ತದೆ. ಮತ್ತೆ ಹಾಕ್ಲಾ?"

"ಹಾಕು. ಮುಖ ನೋಡಾಯ್ತು, ಸಾಕು. ನೀರು ಬಿಡೋದು ತೋರ್ಸು."

ಹಿಂದಕ್ಕೆ ಓಡಿಸಿ, ಗಿಂಡಿಯ ಮೂತಿಯಿಂದ ನೀರು ಹೊರಟ ಜಾಗದಲ್ಲಿ ನಿಲ್ಲಿಸಿದೆ. ಅತ್ತೆ ಮಣೆಯಿಂದ ಕೆಳಗಿಳಿದು, ಮಂಡಿಯೂರಿ, ನನ್ನ ಕೈ ಎಲ್ಲಿ ಎಂದು ಕೇಳಿದರು. ತೋರಿಸಿದೆ. ಗಾಜಿನ ಮೇಲೆ ಅದೇ ಜಾಗದಲ್ಲಿ ತಮ್ಮ ಕೈ ಇಟ್ಟರು. ಯಂತ್ರ ತಾನಾಗಿ ಬಿಡುವ ತನಕ ತೆಗೆಯಲಿಲ್ಲ.