ಅಕ್ಕನ ಫೋನಿಗೆ ವಿಭೂತಿ

ಮಹಾನವಮಿಯ ದಿನ ಕಮಲಾಪುರದಲ್ಲಿರುವ ನನ್ನ ಅಕ್ಕ ಹೊಲಿಗೆ ಮಷೀನು, ಕತ್ತರಿ, ಕುಡಗೋಲುಗಳ ಸಾಲಿನಲ್ಲಿ ಗುಂಡಿ ಒತ್ತುವ ತನ್ನ ಹಳೆಯ ಫೋನನ್ನೂ ಇಟ್ಟು ಪೂಜೆ ಮಾಡುತ್ತಾಳೆ. ಈ ಸಲ ಕೈ ಸ್ವಲ್ಪ ಧಾರಾಳವಾಯಿತು. ನೀರಲ್ಲಿ ಕಲೆಸಿದ ವಿಭೂತಿಯನ್ನು ಮೂರು ಬೆರಳಿನಿಂದ ಎಳೆದದ್ದು ನೇರ ಸ್ಪೀಕರಿನ ತೂತುಗಳ ಮೇಲೆಯೇ. ಮರುದಿನದಿಂದ ಫೋನು ಮೂಕ. ಭಾವ ಕಲಬುರಗಿಗೆ ಬಂದಾಗ ಅದನ್ನು ಕರವಸ್ತ್ರದಲ್ಲಿ ಸುತ್ತಿ ನನಗೆ ಕೊಟ್ಟು ಹೋದರು.

ಭಾವ ಹೊಸದು ಕೊಡಿಸುತ್ತೇನೆ ಅಂದರೂ ಅಕ್ಕ ಬೇಡ, ಇದೇ ಬೇಕು ಅಂತ ಹೇಳಿ ಕಳಿಸಿದ್ದಳು. ಆ ಡಬ್ಬಿ ಫೋನಿನ ಮೇಲೆ ಎಂಥ ಮೋಹವೋ ಎಂದು ನಗು ಬಂತು. ಹಾಗೆ ನಗುವ ನನಗೆ ಊಟಕ್ಕೆ ಕೂತರೂ ತಟ್ಟೆಯ ಪಕ್ಕ ನನ್ನ ಫೋನು ಇರಲೇಬೇಕು.

ಜಗತ್ ಸರ್ಕಲ್ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಬಿಚ್ಚಿ, ಬ್ರಷ್ಷಿನಿಂದ ಬೂದಿ ಕೆರೆದು, ಸ್ಪೀಕರ್ ಬದಲಿಸಿದರು. ಸರಿಯಾಯಿತೇ ನೋಡಲು ಅಕ್ಕ ಕೊನೆಗೆ ಕರೆ ಮಾಡಿದ್ದ ನಂಬರನ್ನೇ ಒತ್ತಿದರು. ನನ್ನ ಕೈಯಲ್ಲಿದ್ದ ಫೋನು ಬಡಿದುಕೊಂಡಿತು.

"ನಿಮ್ದೇ ನಂಬರ್ ಏನ್ರಿ? ಇದರಾಗ ಬ್ಯಾರೆ ಯಾರದೂ ಇಲ್ರಿ" ಅಂದರು.

ಇಸಿದುಕೊಂಡು ನೋಡಿದೆ. ಮಾಡಿದ ಕರೆಗಳ ಪಟ್ಟಿಯಲ್ಲಿ ಮೇಲಿಂದ ಕೆಳತನಕ ನನ್ನ ಹೆಸರೇ. ದಿನಾ ಮಧ್ಯಾಹ್ನ, ಕೆಲವು ದಿನ ಎರಡೆರಡು ಸಲ. ಅವುಗಳಲ್ಲಿ ನಾನು ಎತ್ತಿದ್ದು ವಾರಕ್ಕೊಂದಿದ್ದರೆ ಹೆಚ್ಚು. ಅವಳ ಹೆಸರು ಬಂದಾಗೆಲ್ಲ ಆಮೇಲೆ ಮಾತಾಡಿದರಾಯಿತು ಎಂದು ಬಿಟ್ಟು, ಅದೇ ಫೋನಿನಲ್ಲಿ ಯಾರದೋ ಅಡುಗೆ, ಯಾರದೋ ಮದುವೆ ನೋಡುತ್ತ ಕೂತಿರುತ್ತಿದ್ದೆ. ಅವ್ವ ಹೋದ ಮೇಲೆ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕ. ಅಂಗಡಿಯಲ್ಲೇ ನಾಚಿಕೆಯಾಯಿತು.

ಕಮಲಾಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರೂ ಆಗುತ್ತಿತ್ತು. ನಾನೇ ಬಸ್ ಹತ್ತಿದೆ.

ಅಕ್ಕ ಯಾರದೋ ಬ್ಲೌಸಿಗೆ ಹುಕ್ಕು ಹಾಕುತ್ತ ಕೂತಿದ್ದಳು. ಫೋನನ್ನು ಸೆರಗಿನಿಂದ ಒರೆಸಿ, ಕಿವಿಗೆ ಹಿಡಿದು ನೋಡಿ, ಮಷೀನಿನ ಮೇಲೆ ಅದರ ಜಾಗದಲ್ಲಿ ಇಟ್ಟಳು. ನನಗೆ ತಡೆಯಲಾಗಲಿಲ್ಲ. ನೀನು ಮಾಡಿದಾಗೆಲ್ಲ ಕೆಲಸವಿತ್ತು ಅಂದದ್ದು ಸುಳ್ಳು, ನೋಡಿಯೂ ಎತ್ತಿರಲಿಲ್ಲ ಎಂದು ಹೇಳಿಬಿಟ್ಟೆ.

ಅವಳು ಮತ್ತೆ ಸೂಜಿ ಕೈಗೆತ್ತಿಕೊಂಡಳು.

"ಗೊತ್ತದ ತಂಗಿ. ನೀ ಎತ್ತಬೇಕಂತ ನಾ ಎಲ್ಲಿ ಮಾಡ್ತಿದ್ದೆ? ದಿನಕ್ಕೊಮ್ಮೆ ನನ್ನ ಹೆಸರು ನೋಡ್ತಿ ಅಲ್ಲಾ, ಅಷ್ಟು ಸಾಕಾಗ್ತಿತ್ತು."